ಬೈಟು ಬಿಡದ ಭಾವ

ನಮ್ಮ ಭಾವ ಮಹಾ ಜಿಪುಣರು. ಊಟ ಹಾಕಿಸುವುದರಲ್ಲಿ ಅಲ್ಲ, ಮಾತಿನಲ್ಲಂತೂ ಖಂಡಿತಾ ಅಲ್ಲ! ಅವರ ಜಿಪುಣತನವೆಲ್ಲ ಬೈಟುಗಳ ಮೇಲೆ. ಹೋಟೆಲಿನ ಬೈಟು ಕಾಫಿಯಲ್ಲ ಸ್ವಾಮಿ, ಕಂಪ್ಯೂಟರ್ ಚಿಪ್ಪಿನೊಳಗಿನ ಜಾಗದ ಚಿಲ್ಲರೆ ಅಳತೆ.

ಮಾಚೇನಹಳ್ಳಿಯಲ್ಲಿ ನಮ್ಮದೊಂದು ಪುಟ್ಟ ವರ್ಕ್‌ಶಾಪು. ಪಂಪ್‌ಸೆಟ್ಟಿಗೆ ಹಾಕುವ ಪೆಟ್ಟಿಗೆ ತಯಾರಿಸುತ್ತೇವೆ. ರೈತ ಮನೆಯಿಂದಲೇ ಫೋನ್ ಮಾಡಿದರೆ ಗದ್ದೆಯ ಮೋಟರು ಶುರುವಾಗುತ್ತದೆ. 'ಮೋಟರ್ ಆನ್ ಆಗಿದೆ' ಎಂದು ಹೆಂಗಸಿನ ದನಿಯೊಂದು ಉತ್ತರಿಸುತ್ತದೆ. ಅದಕ್ಕೆ ಪ್ರೋಗ್ರಾಂ ಬರೆಯುವವರು ಭಾವ. ಸ್ಕ್ರೂ ಬಿಗಿಯುವವನು, ಗಿರಾಕಿಗಳ ಬೈಗುಳ ತಿನ್ನುವವನು, ಭಾವನ ಉಪನ್ಯಾಸ ಕೇಳುವವನು ನಾನು. ಮೂರರಲ್ಲಿ ಸ್ಕ್ರೂ ಬಿಗಿಯುವುದೇ ಸುಖ.

ಈಚೆಗೆ ನಾವು ಬಳಸುತ್ತಿದ್ದ ಚಿಪ್ಪು ಮಾರುಕಟ್ಟೆಯಲ್ಲಿ ಸಿಗದಂತಾಯಿತು. ಸಿಕ್ಕಿದ್ದರಲ್ಲಿ ಜಾಗ ಕಡಿಮೆ; ಪ್ರೋಗ್ರಾಂ ಹಿಡಿಸಲೇ ಇಲ್ಲ. ಪೆಟ್ಟಿಗೆಗಳಿಗೆ ಆರ್ಡರ್ ಕೊಟ್ಟಿದ್ದ ಭದ್ರಾವತಿಯ ಪಂಪಿನ ಅಂಗಡಿಯವರು ದಿನಾ ಫೋನ್ ಮಾಡತೊಡಗಿದರು. ಈ ಒಂದು ಆರ್ಡರ್ ಕೈತಪ್ಪಿದರೆ ವರ್ಕ್‌ಶಾಪಿನ ಬಾಗಿಲು ಹಾಕಬೇಕಾಗಿತ್ತು. ನನಗೆ ಊಟ ಸೇರುತ್ತಿರಲಿಲ್ಲ. ಭಾವನ ಮುಖದಲ್ಲೋ ಮದುಮಗನ ಕಳೆ!

"ನೋಡು ಮಾರಾಯ, ಯಾರೂ ಬಳಸದ ಹಳೇ ಡೇಟಾ ಎಲ್ಲ ಒಳಗೇ ಕೂತಿದೆ. ನಾನು ಬರೆದಿದ್ದನ್ನ ಚಿಪ್ಪಿನ ಭಾಷೆಗೆ ತಿರುಗಿಸೋ ಕಂಪೈಲರ್ ಎಲ್ಲಾನೂ ಒಂದೇ ಗಂಟು ಕಟ್ಟುತ್ತೆ. ಅದ್ರಲ್ಲಿ ಒಂದು ಬೇಕಾದ್ರೂ, ಗಂಟುಗಳನ್ನ ಜೋಡಿಸೋ ಲಿಂಕರ್ ಇಡೀ ಗಂಟು ಹೊತ್ಕೊಂಡು ಬರುತ್ತೆ. ಈಗ ಕಂಪೈಲರ್‌ಗೆ ಒಂದು ಆಪ್ಷನ್ ಕೊಟ್ಟು, ಒಂದೊಂದನ್ನೂ ಬೇರೆ ಬೇರೆ ಕಟ್ಟು ಅಂತೀನಿ. ಲಿಂಕರ್‌ಗೆ ಇನ್ನೊಂದು ಆಪ್ಷನ್, ಯಾರೂ ಹೆಸರು ಹಿಡಿದು ಕರೀದೇ ಇರೋದನ್ನ ಬಿಸಾಕು ಅಂತ!"

"ಭಾವ, ನಿಮ್ಮದು ಊಟ ಆಯ್ತಾ?"

"ಊಟ ಬಿಡು, ಇದನ್ನ ಕೇಳು."

ಇದನ್ನೇ ರಾಗಿಗುಡ್ಡದ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ, ಪಕ್ಕದ ಎಲೆಯ ಅಪರಿಚಿತರಿಗೂ ವಿವರಿಸಿದರು. ಪಾಪ, ಅವರು ಪಾಯಸ ಬರುವ ಮೊದಲೇ ಎದ್ದು ಹೋದರು. "ಸಕ್ಕರೆ ಕಾಯಿಲೆ ಇರ್ಬೇಕು," ಎಂದರು ಭಾವ.

ಆಪ್ಷನ್ನುಗಳೇನೋ ಫಲ ಕೊಟ್ಟವು. ಪ್ರೋಗ್ರಾಂ ಸೊರಗಿ ಚಿಪ್ಪಿನಲ್ಲಿ ಕೂತಿತು. ಪೆಟ್ಟಿಗೆ ಹೊತ್ತು ಭದ್ರಾವತಿಗೆ ಹೋದೆವು. ಅಂಗಡಿಯವರ ಗದ್ದೆಯಲ್ಲೇ ಪರೀಕ್ಷೆ. ಅವರು ಫೋನ್ ಮಾಡಿದರು. ಮೋಟರು ಶುರುವಾಯಿತು. ಫೋನಿನಲ್ಲಿ ಮಾತ್ರ ಚಕಾರವಿಲ್ಲ!

"ಏನ್ರೀ, ನಿಮ್ಮ ಪೆಟ್ಟಿಗೆಗೆ ನನ್ನ ಮೇಲೆ ಸಿಟ್ಟಾ? ಮಾತೇ ಆಡ್ತಿಲ್ಲವಲ್ಲ! ಮೋಟರ್ ಆನ್ ಆಗಿದ್ಯೋ ಇಲ್ವೋ ನೋಡೋಕೆ ನಾನು ಗದ್ದೆಗೇ ಬರ್ಬೇಕಾ?"

ಆಗಿದ್ದು ಇಷ್ಟು. ನಮ್ಮ ಪ್ರೋಗ್ರಾಂ ಧ್ವನಿಗಳನ್ನು ಹುಡುಕುತ್ತಿದ್ದುದು ಅವು ಇರುವ ಜಾಗದಿಂದ, ಹೆಸರಿನಿಂದಲ್ಲ. ಹೆಸರು ಹಿಡಿದು ಯಾರೂ ಕರೆಯದ್ದರಿಂದ ಲಿಂಕರ್ ಧ್ವನಿಗಳನ್ನೆಲ್ಲ ಗುಡಿಸಿ ಹಾಕಿತ್ತು. ನಾನು ಒಂದು ವಾರದ ಗಡುವು ಬೇಡಿ ಬೈಸಿಕೊಂಡೆ. ಭಾವ ನಾಚಿಕೊಂಡರೇ? "ಎಂಥಾ ನಿಯತ್ತು ನೋಡು ಲಿಂಕರ್‌ದು! ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದೆ!" ಎಂದು ಬಸ್ಸಿನಲ್ಲಿ ಹೊಗಳತೊಡಗಿದರು. ನಾನು ಕಿಟಕಿಗೆ ಒರಗಿ ನಿದ್ದೆ ಹೋದೆ. ಎಚ್ಚರವಾದಾಗ ಶಿವಮೊಗ್ಗ ಬಂದಿತ್ತು, ಅವರ ವಾಕ್ಯ ಮುಗಿದಿರಲಿಲ್ಲ.

ಮರುದಿನ ಭಾವ ಲಿಂಕರ್‌ಗೆ, ಧ್ವನಿಗಳನ್ನು ಯಾರೂ ಕರೆಯದಿದ್ದರೂ ಇಟ್ಟುಕೋ ಎಂದು ಆಜ್ಞೆ ಬರೆದರು. ಧ್ವನಿ ಬಂತು, ಪ್ರೋಗ್ರಾಂ ಮತ್ತೆ ಚಿಪ್ಪಿಗೆ ಹಿಡಿಸದಾಯಿತು. ನೋಡಿದರೆ ಒಳಗೆ ಎರಡು ಜೊತೆ ಧ್ವನಿ! ಒಂದು, ಸ್ಟುಡಿಯೋದಲ್ಲಿ ಮಾಡಿಸಿದ್ದು. ಇನ್ನೊಂದು?

"ಅದು ಹಳೇದು," ಎಂದರು ಭಾವ.

"ಯಾರೂ ಬಳಸಲ್ವಲ್ಲ, ತೆಗೀರಿ ಮತ್ತೆ."

"ತೆಗೀಬಹುದು," ಎಂದವರು ತೆಗೆಯಲಿಲ್ಲ. ತೊಳೆದಿಟ್ಟ ಟೀ ಲೋಟವನ್ನೇ ಮತ್ತೆ ತೊಳೆಯಲು ಹೋದರು. ಭಾವ ಮಾತು ನಿಲ್ಲಿಸುವುದೆಂದರೇನು? ನನಗೆ ಗಾಬರಿಯಾಯಿತು. ಅವರ ಮೇಜಿನ ಮೇಲೆ ಸದಾ ಇರುವ ಹಳೆಯ ಪೆಟ್ಟಿಗೆಗೆ ಫೋನ್ ಮಾಡಿದೆ.

"ಮೋಟರ್ ಆನ್ ಆಗಿದೆ!"

ಅಕ್ಕ! ನನ್ನ ಅಕ್ಕ, ಭಾವನ ಹೆಂಡತಿ. ಸ್ಟುಡಿಯೋಗೆ ಕೊಡಲು ದುಡ್ಡಿಲ್ಲದ ಆರಂಭದ ದಿನಗಳಲ್ಲಿ ಅಡುಗೆಮನೆಯಲ್ಲಿ ನಿಲ್ಲಿಸಿ ಹೇಳಿಸಿದ್ದಂತೆ. ಗಂಟಲಿನ ಆಪರೇಷನ್ ಆದಮೇಲೆ ಅಕ್ಕನ ದನಿ ಮರಳಿ ಬಂದಿಲ್ಲ. ಪಿಸುಗುಟ್ಟುತ್ತಾಳೆ ಅಷ್ಟೆ, ಯಾರನ್ನಾದರೂ ಕರೆಯಬೇಕಾದರೆ ಚಮಚದಿಂದ ತಟ್ಟೆ ಬಡಿಯುತ್ತಾಳೆ.

"ಲ್ಯಾಪ್‌ಟಾಪಲ್ಲಿ ಇಟ್ಕೊಳ್ಬಹುದಲ್ಲ ಭಾವ," ಎಂದೆ ಮೆಲ್ಲಗೆ.

"ಇದೆ. ಅಲ್ಲಿ ಅದು ಬರೀ ಫೈಲು ಮಾರಾಯ. ಪೆಟ್ಟಿಗೇಲಾದ್ರೆ, ಫೋನ್ ಮಾಡಿದ್ರೆ ಎತ್ತುತ್ತಾಳೆ."

ನನಗೂ ಟೀ ಲೋಟ ತೊಳೆಯಬೇಕೆನಿಸಿತು. "ಹಾಗಾದ್ರೆ ಸ್ಟುಡಿಯೋದನ್ನ ತೆಗೀರಿ," ಎಂದೆ.

ತೆಗೆದರು. ಪ್ರೋಗ್ರಾಂ ಚಿಪ್ಪಿನೊಳಗೆ ಸಲೀಸಾಗಿ ಕೂತಿತು. ಭದ್ರಾವತಿಯವರು ಫೋನ್ ಮಾಡಿ ನೋಡಿ, "ಈ ಯಮ್ಮ ಸ್ಪಷ್ಟವಾಗಿ ಹೇಳ್ತಾರೆ ಕಣ್ರೀ," ಎಂದು ಅಷ್ಟೂ ಪೆಟ್ಟಿಗೆಗಳನ್ನು ತೆಗೆದುಕೊಂಡರು.

ಆ ಸಂಜೆ ಆಲ್ಕೊಳದ ತಮ್ಮ ಮನೆಯಲ್ಲಿ ಭಾವ ಭದ್ರಾವತಿಯವರ ಗದ್ದೆಯ ಪೆಟ್ಟಿಗೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅಕ್ಕನ ಕೈಗಿತ್ತರು. ಅಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಪಿಸುಗುಟ್ಟಿದಳು:

"ಅಯ್ಯೋ, ನಾನು ಇಷ್ಟು ಜೋರಾಗಿ ಮಾತಾಡ್ತಿದ್ನಾ?"

"ಸರ್ಕಲ್‌ವರೆಗೂ ಕೇಳಿಸ್ತಿತ್ತು ಮಾರಾಯ್ತಿ," ಎಂದರು ಭಾವ. ಅಷ್ಟು ಹೇಳಿ, ತೊಳೆದಿಟ್ಟ ಲೋಟವೊಂದನ್ನು ಮತ್ತೆ ತೊಳೆಯಲು ಹೋದರು.