ಮುದ್ರೆಯಿಲ್ಲದ ಬಾಗಿಲು

ಬಹಳ ಹಿಂದೆ, ಅಂದರೆ ಯಾರೂ ನನ್ನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ದಾರುಕಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಕಾಡಿನಿಂದ ಕಳ್ಳನಾಟಾ, ಅಂದರೆ ಕದ್ದು ಕಡಿದ ಮರ, ಹಾಡಹಗಲೇ ಗಾಡಿಗಟ್ಟಲೆ ಸಾಗುತ್ತಿತ್ತು. ಶ್ರೀಮನ್ಮಹಾರಾಜ ವಿಪಿನಭೂಪಾಲರು ಕಣ್ಣೀರು ಸುರಿಸಿ ಶಾಸನ ಹೊರಡಿಸಿದರು: ರಾಜಮುದ್ರೆಯ ಸುತ್ತಿಗೆ ಏಟು ಬೀಳದ ಮರವೆಲ್ಲ ಕದ್ದ ಮಾಲು. ಆ ಏಟು ಹಾಕುವುದೂ ಮರ ಕಡಿದ ಬುಡದ ಪಕ್ಕದಲ್ಲೇ ಆಗಬೇಕು.

“ಸುತ್ತಿಗೆ ಯಾರ ಕೈಗೆ ಕೊಡೋಣ?” ಎಂದರು ದೊರೆ.

“ಅನುಭವಸ್ಥರ ಕೈಗೆ, ಪ್ರಭು,” ಎಂದ ವನಮಂತ್ರಿ ದಂಡಪಾಣಯ್ಯ. “ನಮ್ಮ ಭಾವಮೈದುನನ ಮನೆತನ ಮೂರು ತಲೆಮಾರಿನಿಂದ ಕಾಡು ಕಡಿಯುತ್ತಿದೆ. ಟೆಂಡರ್ ಕರೆಯುವುದು ವೃಥಾ ಕಾಲಹರಣ.”

“ಪಾರದರ್ಶಕವಾಗಿದೆ,” ಎಂದು ದೊರೆ ತಲೆದೂಗಿದರು.

ಭಾವಮೈದುನ ಕಾಡಿಗೆ ಕಾಡೇ ಕೆಡವಿ, ಪ್ರತಿ ದಿಮ್ಮಿಗೂ ಶ್ರದ್ಧೆಯಿಂದ ಮುದ್ರೆ ಒತ್ತಿದ. ಕಾಡು ಸಕ್ರಮವಾಗಿ ಬೋಳಾಯಿತು. ಆದರೆ ಕಾನೂನು ಮಾಡಿದ ಮೇಲೆ ಕಳ್ಳರು ಸಿಗಬೇಡವೇ? ತನಿಖಾದಳ ಊರುಗಳಿಗೆ ನುಗ್ಗಿತು.

ಹುಲ್ಲಂಬಾಡಿಯ ನಿಂಗಾಜಮ್ಮನ ಮನೆಬಾಗಿಲಿಗೆ ಮುದ್ರೆಯಿರಲಿಲ್ಲ. ಒಳಗೆ ಸೊಸೆ ಬಾಣಂತಿ. ಕಾಡು ಕಳೆದುಕೊಂಡ ಚಿರತೆಯೊಂದು ಊರ ಸುತ್ತ ತಿರುಗುತ್ತಿತ್ತು.

“ಸ್ವಾಮಿ, ಇದು ನಮ್ಮಾವ ಹಿತ್ಲ ಹಲಸಿನ ಮರದಲ್ಲಿ ಮಾಡ್ಸಿದ್ದು,” ಎಂದಳು ಮುದುಕಿ. “ಒಳಗೆ ಎಳೇ ಕೂಸದೆ. ಬಾಗ್ಲು ಕಿತ್ಕೊಂಡೋದ್ರೆ ಚಿರ್ತೆ ಬತ್ತದೆ ಕನಪ್ಪ.”

“ಹಾಗಾದರೆ ಬಾಗಿಲನ್ನು ಅದರ ಬುಡದ ಹತ್ತಿರ ಹೊತ್ತು ತಾ, ಅಜ್ಜಿ. ಅಲ್ಲೇ ಮುದ್ರೆ ಹಾಕುತ್ತೇವೆ,” ಎಂದ ದಳಪತಿ.

“ಬುಡ ಗೆದ್ಲು ತಿಂದು ಯಾವ ಕಾಲ ಆಯ್ತೋ.”

“ಸಾಕ್ಷ್ಯನಾಶ,” ಎಂದು ಬರೆದುಕೊಂಡ ದಳಪತಿ.

ಊರಿನ ಬಾಗಿಲುಗಳೆಲ್ಲ ಹೋದವು. ಅವನ್ನೇ ಜೋಡಿಸಿ ಕಟ್ಟಿದ ವೇದಿಕೆಯ ಮೇಲೆ ದೊರೆಗೆ ‘ವನರಕ್ಷಾಮಣಿ’ ಬಿರುದು ಕೊಟ್ಟರು. ಕಾಡಿನಲ್ಲಿ ಆ ವರ್ಷ ಒಂದೇ ಒಂದು ಮರಗಳ್ಳತನ ನಡೆದಿರಲಿಲ್ಲ. ಕದಿಯಲು ಮರವಿದ್ದರೆ ತಾನೆ?

ಸಮಾರಂಭ ಮುಗಿಸಿ ಬರುವಾಗ ದೊರೆಗೆ ನಿಂಗಾಜಮ್ಮ ಕಂಡಳು. ಬಾಗಿಲಿದ್ದ ಜಾಗಕ್ಕೆ ಅಡ್ಡಲಾಗಿ ಕೂತು, ಚಿರತೆ ಹತ್ತಿರ ಸುಳಿಯದಿರಲೆಂದು ಹಿತ್ತಾಳೆ ತಟ್ಟೆ ಬಡಿಯುತ್ತಿದ್ದಳು.

“ನೋಡಿದಿರಾ ಪ್ರಭು, ಚೂರೂ ಮರ ಬಳಸದ ಬಾಗಿಲು,” ಎಂದ ದಂಡಪಾಣಯ್ಯ.

ದೊರೆ ರೋಮಾಂಚನಗೊಂಡು ಅಲ್ಲೇ ‘ಪರಿಸರಸ್ನೇಹಿ ದ್ವಾರ ಯೋಜನೆ’ ಘೋಷಿಸಿದರು: ಮನೆಗೊಬ್ಬರಂತೆ ಮುದುಕರು ಬಾಗಿಲಾಗಿ ಕೂರತಕ್ಕದ್ದು. “ನಿನಗೇನು ಬೇಕು ಕೇಳಮ್ಮ,” ಎಂದರು.

“ನನ್ ಬಾಗ್ಲು ಕೊಡ್ರಪ್ಪ.”

ದೊರೆ ನಕ್ಕರು. ಆಸ್ಥಾನವೂ ನಕ್ಕಿತು.

ಆ ವಾರವೇ ಚಿರತೆ ಬಂತು. ನಿಂಗಾಜಮ್ಮ ಜಾಗ ಬಿಟ್ಟು ಏಳಲಿಲ್ಲ. ಕೂಸು ಉಳಿಯಿತು.

ಬಾಗಿಲು ಹಾಳಾದ ಕಾರಣ ಕೂಡಲೇ ಬದಲಿ ವ್ಯವಸ್ಥೆ ಮಾಡತಕ್ಕದ್ದೆಂದು ಸೊಸೆಗೆ ನೋಟಿಸು ಬಂತು.