ಬೋಳು ಮಾವನ ಹಣಿಗೆ

ನಮ್ಮ ಸೋದರಮಾವನ ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲ. ಆದರೆ ಇಡೀ ಲಿಂಗಸುಗೂರಿನಲ್ಲಿ ಹಣಿಗೆಯಿಲ್ಲದೆ ಹೊಸ್ತಿಲು ದಾಟದ ಗಂಡಸು ಅವನೊಬ್ಬನೇ! ಕಚೇರಿಗೆ ಹೋದರೂ ಹಣಿಗೆ, ಮದುವೆಗೆ ಹೋದರೂ ಹಣಿಗೆ. ಹೊಸಬರು ಮೊದಲು ಅವನ ಶೇರವಾನಿಯ ಜೇಬು ನೋಡುತ್ತಾರೆ, ಆಮೇಲೆ ಅವನ ತಲೆ ನೋಡುತ್ತಾರೆ, ಕೊನೆಗೆ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಾರೆ. ನಾನೇನು ಹೇಳಲಿ? ನನ್ನ ತಲೆಯ ಹೊರಗೆ ಬೇಕಾದಷ್ಟಿದೆ, ಒಳಗೇನೂ ಇಲ್ಲ ಎಂದು ನಮ್ಮ ಉರ್ದು ಮಾಸ್ತರರು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದಾರೆ.

ಹಣಿಗೆಯ ಕಥೆ ಶುರುವಾಗುವುದು ಒಂದು ಮೊಲದಿಂದ. ಮಾವ ಹೈದರಾಬಾದ್ ಸರಕಾರದ ತಹಶೀಲು ಕಚೇರಿಯಲ್ಲಿ ಕಾರಕೂನ. ಅಲ್ಲಿದ್ದ ತಹಶೀಲ್ದಾರ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು. ಪೆಟ್ಟಿಗೆ, ಪಲ್ಲಂಗ, ಕೋಳಿ ಎಲ್ಲ ಗಾಡಿ ಏರಿದವು, ಮೊಲಕ್ಕೆ ಮಾತ್ರ ಜಾಗ ಸಿಗಲಿಲ್ಲ. ಬಿಳಿಯ ವಿಲಾಯತಿ ಮೊಲ, ಹಿಂಜಿದ ಅರಳೆಯಂಥ ಉದ್ದ ಕೂದಲು. ಸಾಹೇಬರ ಪುಟ್ಟ ಮಗಳು ಅಳುತ್ತ ಬಂದು ಅದನ್ನು ನಮ್ಮ ಅತ್ತೆಯ ಮಡಿಲಲ್ಲಿಟ್ಟು ಹೋದಳು. ಅತ್ತೆಗೆ ಮಕ್ಕಳಿಲ್ಲ. ಮಡಿಲಿಗೆ ಬಂದದ್ದನ್ನು ಆಕೆ ಕೆಳಗಿಳಿಸಲೇ ಇಲ್ಲ.

ಮೊದಲ ಗೊಂದಲ ಊಟದ್ದು. ಮೊಲ ಏನು ತಿನ್ನುತ್ತದೆ?

"ಹುಲ್ಲು ತಿಂತೈತಿ ಮಾಮಾ" ಅಂದೆ ನಾನು. ನನ್ನ ಜೀವಮಾನದಲ್ಲಿ ನಾನು ಕೊಟ್ಟ ಒಂದೇ ಸರಿಯುತ್ತರ ಅದು. ಯಾರೂ ಗುರುತಿಸಲಿಲ್ಲ, ನಾನೂ ಸೇರಿ.

ಮಾವ ಬಾಗಿಲು ಮುಂದಕ್ಕೆಳೆದು ದನಿ ತಗ್ಗಿಸಿದ. "ಲೇ ಹುಚ್ಚಾ, ಅಡವಿ ಮೊಲ ಹುಲ್ಲು ತಿಂತೈತಿ. ಇದು ಸಾಹೇಬರ ಮೊಲ. ಇದಕ್ಕ ದನದಂಗ ಹುಲ್ಲು ಹಾಕಿದ್ರು ಅಂತ ನಾಳೆ ಹೈದ್ರಾಬಾದಿಗೆ ಸುದ್ದಿ ಮುಟ್ಟಿದ್ರ, ನನ್ನ ನೌಕರಿ ನೀ ಮಾಡ್ತೀಯೇನು?"

ಅಲ್ಲಿಗೆ ತೀರ್ಮಾನವಾಯಿತು. ಮೊಲಕ್ಕೆ ಬೆಣ್ಣೆ ಸವರಿದ ರೊಟ್ಟಿ, ಶೇಂಗಾ ಉಂಡೆ, ಹಬ್ಬಕ್ಕೆ ಹೋಳಿಗೆ. ನಮ್ಮ ಕಡೆ ಊಟಕ್ಕೆ ಕೂತವರು 'ಸಾಕು' ಅಂದ ಮೇಲೆಯೇ ನಿಜವಾದ ಬಡಿಸುವಿಕೆ ಶುರುವಾಗುವುದು. "ಒಂದ್ ಚೂರು, ನನ್ನ ಸಲುವಾಗಿ" ಅನ್ನುತ್ತ ಅತ್ತೆ ಎಂಥವರ ತಾಟಿಗೂ ಮತ್ತೊಂದು ಅರ್ಧ ರೊಟ್ಟಿ ಹಾಕಬಲ್ಲಳು. ಮನುಷ್ಯರಾದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಮೊಲ ಏನು ಹಿಡಿಯಬೇಕು? ತಿಂದಿತು. ಬೆಕ್ಕಿನ ಭಯಕ್ಕೆ ಮಾವ ಅದನ್ನು ಹಗಲೆಲ್ಲ ಬುಟ್ಟಿಯ ಕೆಳಗೆ, ರೇಷ್ಮೆ ಚೂರಿನ ಹಾಸಿಗೆಯ ಮೇಲೆ ಕೂಡಿಸಿದ. ಓಡುವುದಕ್ಕಿಲ್ಲ, ಮಾಡುವುದಕ್ಕೆ ಕೆಲಸವಿಲ್ಲ. ಪಾಪ, ಕೂತಲ್ಲಿ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತಿತ್ತು.

"ನೋಡ್ರಿ, ಎಷ್ಟು ಸ್ವಚ್ಛ ಇರತೈತಿ, ನಿಮ್ಮಂಗಲ್ಲ" ಎಂದು ಅತ್ತೆ ಮಾವನಿಗೆ ಚುಚ್ಚುತ್ತಿದ್ದಳು.

ಬೇಸಿಗೆ ಬಂತು, ಮೊಲದ ಕೂದಲು ಉದುರತೊಡಗಿತು. ಬೇಳೆಯಲ್ಲಿ ಕೂದಲು, ಮಜ್ಜಿಗೆಯಲ್ಲಿ ಕೂದಲು. ಮಾವನ ಕಚೇರಿಯ ಕಾಗದಗಳಲ್ಲೂ ಬಿಳಿ ಕೂದಲು ಸಿಕ್ಕವು. ಹೊಸ ಸಾಹೇಬರು ಮಾವನ ಬೋಳುತಲೆಯನ್ನು ಬಹಳ ಹೊತ್ತು ನೋಡಿ, "ನಿಮ್ಮ ಕೆಲಸ ಮನೆಯಾಗ ಮುದುಕರು ಯಾರರೆ ಮಾಡ್ತಾರೇನು?" ಎಂದು ಕೇಳಿದರಂತೆ.

ಆಮೇಲೆ ಮೊಲದ ಹಿಕ್ಕೆಗಳು ಸಣ್ಣಗಾದವು. ಒಂದು ದಿನ ಕೂದಲಿನ ಎಳೆಯಲ್ಲಿ ಒಂದಕ್ಕೊಂದು ಪೋಣಿಸಿಕೊಂಡು, ಜಪಮಾಲೆಯ ಹಾಗೆ ಬಿದ್ದವು. ಅತ್ತೆ ಕೈಮುಗಿದು, "ಮೊಲಕ್ಕ ಭಕ್ತಿ ಬಂದೈತಿ" ಅಂದಳು. ನಾನು ನಕ್ಕೆ. ಮರುದಿನ ಯಾರೂ ನಗಲಿಲ್ಲ. ಮಾಲೆಯೂ ಇಲ್ಲ, ಮಣಿಯೂ ಇಲ್ಲ. ಮೊಲ ಮೂಲೆಯಲ್ಲಿ ಮುದುಡಿ ಕೂತಿತ್ತು. ಹೋಳಿಗೆ ಹಿಡಿದರೆ ಮುಖ ತಿರುಗಿಸಿತು.

ಅತ್ತೆ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದಳು. "ಅದು ತಿನ್ನೂತನ ನಾನೂ ತಿನ್ನಂಗಿಲ್ಲ."

ಮಾವ ನಕ್ಕ. ಸಂಜೆಗೂ ಆಕೆ ಉಣ್ಣಲಿಲ್ಲ ಎಂದಾಗ ಅವನ ನಗು ಹೋಯಿತು.

ಓಣಿಯವರೆಲ್ಲ ಬಂದರು. ಒಬ್ಬಾಕೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಕೆಂಡಕ್ಕೆ ಹಾಕಿದಳು. ಮೊಲ ಸೀನಿತು, ನಾವೂ ಸೀನಿದೆವು. ಇನ್ನೊಬ್ಬರು ಹೊಟ್ಟೆ ಸಡಿಲಾಗಲು ಔಡಲೆಣ್ಣೆ ಕುಡಿಸಿ ಅಂದರು. ನಾನೇ ಓಡಿಹೋಗಿ ಬಾಟಲಿ ತಂದೆ. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ಯೋಚಿಸಿದ.

"ಎಷ್ಟು ಹಾಕಬೇಕು?"

"ಗೊತ್ತಿಲ್ಲ ಮಾಮಾ."

"ಹಂಗಾರ ಮೊದ್ಲ ನೀ ಕುಡಿ."

"ನಾನ್ಯಾಕ?"

"ಸಾಹೇಬರ ಮೊಲಲೇ ಇದು. ಹೆಚ್ಚು ಕಮ್ಮಿ ಆದ್ರ? ನೀನಾದ್ರ ನಮ್ಮವ."

ಕುಡಿದೆ. ಆ ಮಧ್ಯಾಹ್ನ ನಾನು ಕಂಡಷ್ಟು ಬೇಲಿಸಾಲು ಲಿಂಗಸುಗೂರಿನಲ್ಲಿ ಇನ್ಯಾರೂ ಕಂಡಿಲ್ಲ. ನಾಲ್ಕನೇ ಸಲ ನಾನು ಗೋಡೆ ಹಿಡಿದು ಬಂದಾಗ ಮಾವ ಗಂಭೀರವಾಗಿ ಬಾಟಲಿಗೆ ಬಿರಡೆ ಹಾಕಿ, "ಬಲು ಜೋರೈತಿ. ಮೊಲಕ್ಕ ಬ್ಯಾಡ" ಅಂದ. ಹೀಗೆ ನನ್ನ ಹೊಟ್ಟೆ ಕೆಟ್ಟು ಮೊಲದ ಹೊಟ್ಟೆ ಉಳಿಯಿತು. ಇದಕ್ಕೂ ಯಾರೂ ನನ್ನನ್ನು ಹೊಗಳಲಿಲ್ಲ.

ದನ ಕುದುರೆ ನೋಡುವ ಸರಕಾರಿ ಡಾಕ್ಟರು ಮಸ್ಕಿಗೆ ಬಂದಿದ್ದಾರೆಂದು ಯಾರೋ ಹೇಳಿದರು. ಅವರನ್ನು ಎಲ್ಲರೂ ಸಲೋತ್ರಿ ಸಾಹೇಬರೆಂದೇ ಕರೆಯುವುದು. ಬೆಳಗಾಗುತ್ತಲೇ ಮಾವ ಗಾಡಿ ಕಟ್ಟಿಸಿದ. ಮೆತ್ತಗಿರಲೆಂದು ಗಾಡಿಯ ತುಂಬ ಒಣಹುಲ್ಲು ಹಾಸಿ, ಅದರ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಅತ್ತೆ, ಅತ್ತೆಯ ಮಡಿಲಲ್ಲಿ ಮೊಲ. ಬುಟ್ಟಿಗೆ ಜಾಗವಿರಲಿಲ್ಲ, ಯಾಕೆಂದರೆ ನಾನಿದ್ದೆ.

"ನಿಧಾನ ಹೊಡಿಯೋ, ಒಳಗ ಸಾಹೇಬರ ಮೊಲ ಐತಿ" ಎಂದು ಮಾವ ತಗ್ಗು ಬಂದಾಗಲೆಲ್ಲ ಕೂಗುತ್ತಿದ್ದ.

"ರೋಡೂ ಸಾಹೇಬರದ ಐತ್ರಿ, ನಾ ಏನ್ ಮಾಡ್ಲಿ?" ಎನ್ನುತ್ತಿದ್ದ ಗಾಡಿಯವ.

ಮಸ್ಕಿ ಮುಟ್ಟಿದರೆ ಸಲೋತ್ರಿ ಸಾಹೇಬರು ಸಿಂಧನೂರಿಗೆ ಹೋಗಿಬಿಟ್ಟಿದ್ದರು. ಗುಡ್ಡದ ಬುಡದಲ್ಲಿ ಎತ್ತು ಬಿಚ್ಚಿ, ಬುತ್ತಿ ಬಿಚ್ಚಿದೆವು. ಅತ್ತೆಯ ತುಟಿಗಳು ಒಣಗಿ ಬಿರಿದಿದ್ದವು. ಮಾವ ಹೆಂಡತಿಗೆ ನೀರು ತುಂಬಿಕೊಟ್ಟದ್ದನ್ನು ಕೂಡ ನಾನು ಕಂಡವನಲ್ಲ. ಅಂಥವನು ರೊಟ್ಟಿ ಮುರಿದು, ಖಾರಬ್ಯಾಳಿ ಹಚ್ಚಿ, ಆಕೆಯ ಮುಂದೆ ಹಿಡಿದ.

"ಒಂದ್ ಚೂರು. ನನ್ನ ಸಲುವಾಗಿ."

ಅತ್ತೆ ಮೊಲದ ಬೆನ್ನು ಸವರುತ್ತ ತಲೆಯಲ್ಲಾಡಿಸಿದಳು. ಆ ಚೂರನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ತಾನೂ ತಿನ್ನಲಿಲ್ಲ, ನನಗೂ ಕೊಡಲಿಲ್ಲ. ಅರಿವೆಯಲ್ಲಿ ಕಟ್ಟಿಟ್ಟುಕೊಂಡ.

ಮತ್ತೆ ಗಾಡಿ ಹೊರಟಿತು. ಅತ್ತೆಗೆ ಜೋಂಪು ಹತ್ತಿತ್ತು, ಮೊಲ ಮಡಿಲಿನಿಂದ ಜಾರಿ ಮೂಲೆಗೆ ಸರಿದಿತ್ತು. ಸ್ವಲ್ಪ ಹೊತ್ತಿಗೆ ಕರಕರ ಸದ್ದು ಕೇಳಿಸಿತು.

"ಲೇ, ಏನ್ ತಿನ್ನಾಕತ್ತೀಯಲೇ ಒಬ್ಬನ?" ಅಂದ ಮಾವ.

"ನಾನಲ್ಲ ಮಾಮಾ."

ನೋಡಿದರೆ ಜಮಖಾನೆಯ ಅಂಚು ಸರಿದಲ್ಲಿ ಮೊಲ ಒಂದು ಹುಲ್ಲುಕಡ್ಡಿಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತಿದೆ! ಮಾವ ಗಾಬರಿಯಿಂದ ಕಡ್ಡಿ ಕಸಿಯಲು ಕೈ ಹಾಕಿದ. ಎಚ್ಚರಗೊಂಡ ಅತ್ತೆ ಆ ಕೈ ಹಿಡಿದಳು.

"ತಿನ್ಲಿ ಬಿಡ್ರಿ. ಸಾಹೇಬರು ಹೈದ್ರಾಬಾದಿನಾಗ ಅದಾರ. ಅಲ್ಲಿತನ ಕಾಣಂಗಿಲ್ಲ."

ಒಂದು ಕಡ್ಡಿ ಹೋಯಿತು, ಎರಡು ಹೋದವು. ಮೊಲ ಅತ್ತೆಯ ಬೊಗಸೆಯಿಂದ ನೀರು ಕುಡಿಯಿತು. ಗಾಡಿ ಕುಲುಕಿದಂತೆ ಅತ್ತಿತ್ತ ಕುಪ್ಪಳಿಸಿತು. ಸಿಂಧನೂರಿನ ಗಿಡಗಳು ಕಾಣುವ ಹೊತ್ತಿಗೆ, ಮಾವ ಕಳಚಿಟ್ಟಿದ್ದ ಕೆಂಪು ಟೊಪ್ಪಿಗೆಯೊಳಗೆ ಹೋಗಿ ಕೂತು, ಎದ್ದು ಬಂತು. ಟೊಪ್ಪಿಗೆಯಲ್ಲಿ ಪುಟ್ಟದೊಂದು ಜಪಮಾಲೆ!

ಮಾವ ಸಿಟ್ಟಾದನೆಂದುಕೊಂಡಿರಾ? ಎರಡೂ ಕೈಯಲ್ಲಿ ಟೊಪ್ಪಿಗೆ ಎತ್ತಿ ಹಿಡಿದು, "ಬಿತ್ತು, ಬಿತ್ತು" ಎಂದು ಗಾಡಿಯಲ್ಲೇ ಎದ್ದು ನಿಂತ. ಎದುರಿಗೆ ಬರುತ್ತಿದ್ದವನೊಬ್ಬ ಏನೋ ದೇವರ ಪ್ರಸಾದವೆಂದು ಕೈ ಒಡ್ಡಿದ. ಗಾಡಿ ಮುಂದೆ ಹೋದದ್ದು ಅವನ ಪುಣ್ಯ.

ಸಲೋತ್ರಿ ಸಾಹೇಬರು ಒಂದು ಎಮ್ಮೆಯ ಬಾಯಿ ನೋಡುತ್ತಿದ್ದರು. ಮಾವ ಮೊದಲು ಟೊಪ್ಪಿಗೆ ಮುಂದಿಟ್ಟ, ಆಮೇಲೆ ಮೊಲವನ್ನು. ಅವರು ಮೊಲದ ಹೊಟ್ಟೆ ಒತ್ತಿ ನೋಡಿ, ಏನು ಹಾಕಿದ್ದಿರೆಂದು ಕೇಳಿದರು. ಅತ್ತೆ ಹೋಳಿಗೆಯಿಂದ ಶುರು ಮಾಡಿದಳು. ಉಂಡೆಗೆ ಬರುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಬೆಕ್ಕು ಮೈ ನೆಕ್ಕಿ ಕೂದಲು ನುಂಗಿದ್ರ ಕಾರ್ಕೊಂತದ. ಮೊಲಕ್ಕ ಕಾರಾಕ ಬರಂಗಿಲ್ಲ. ಒಳಗ ಹೋದದ್ದು ಹಿಂದಿಂದನ ಹೋಗಬೇಕು. ಅದನ್ನ ದೂಡೂ ಕಸಬರಿಗಿ ಅಂದ್ರ ಹುಲ್ಲು. ದಿನಾ ಹೊಟ್ಟಿತುಂಬ ಹುಲ್ಲು, ನೀರು. ಬುಟ್ಟಿ ತಗದು ಓಡಾಡಾಕ ಬಿಡ್ರಿ. ಕೂದಲು ಉದುರೂ ಕಾಲಕ್ಕ ದಿನಾ ಬಾಚ್ರಿ, ನುಂಗೂದಕ್ಕಿಂತ ಮೊದ್ಲ. ಮತ್ತ ಒಂದು ಹೊತ್ತು ತಿನ್ನೂದು ಬಿಡ್ತಂದ್ರ ಕಾಯಬ್ಯಾಡ್ರಿ. ಈ ಸಲ ನಿಮ್ಮ ನಸೀಬ ಛಲೋ ಇತ್ತು."

ಮಾವನಿಗೆ ಇನ್ನೂ ನಂಬಿಕೆಯಿಲ್ಲ. "ಸಾಹೇಬರ ಮೊಲಕ್ಕೂ ಹುಲ್ಲ ಏನ್ರಿ?"

"ಬಾದಶಹನ ಮೊಲ ಆದ್ರೂ ಹುಲ್ಲ."

ಹಾಗಾದರೆ ಮೊಲ ಉಳಿದದ್ದು ಯಾರಿಂದ? ತನ್ನ ಗಾಡಿಯ ಕುಲುಕಿನಿಂದ ಎಂದ ಗಾಡಿಯವ. ಮನೆದೇವರಿಂದ ಎಂದಳು ಅತ್ತೆ. ನಾನು ಔಡಲೆಣ್ಣೆಯ ಮಾತು ತೆಗೆದೆ, ಯಾರೂ ಕಿವಿಗೊಡಲಿಲ್ಲ. ಈ ಗೊಂದಲದ ನಡುವೆ ಮಾವ ಅರಿವೆ ಬಿಚ್ಚಿ, ಒಣಗಿ ಸೆಟೆದ ಆ ರೊಟ್ಟಿಚೂರನ್ನು ಚಾಚಿದ. ಅತ್ತೆ ತಿಂದಳು. ಆಮೇಲೆ ನನ್ನ ಪಾಲಿನದನ್ನೂ ತಿಂದಳು.

ಸಿಂಧನೂರಿನ ಪೇಟೆಯಲ್ಲಿಯೇ ಮಾವ ಹಣಿಗೆ ಕೊಂಡದ್ದು. ಅಂಗಡಿಯವನು ಅವನ ತಲೆ ನೋಡಿ, "ಯಾರಿಗ್ರಿ?" ಅಂದ. "ಮೊಲಕ್ಕ" ಅಂದ ಮಾವ. ಅಂಗಡಿಯವನು ಅವಸರದಿಂದ ಚಿಲ್ಲರೆ ಎಣಿಸಿದ. ಅಂದಿನಿಂದ ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಮೊಲದ ಶೃಂಗಾರ. ಒಂದು ಕೈಯಿಂದ ಬುಡ ಒತ್ತಿ ಹಿಡಿದು, ತುದಿಯಿಂದ ಮೇಲಕ್ಕೆ, ಸಿಕ್ಕು ಎಳೆಯದಂತೆ. ಬಾಚಿ ಮುಗಿದ ಮೇಲೆ ಹಣಿಗೆ ನೇರ ಶೇರವಾನಿಯ ಜೇಬಿಗೆ. ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಈ ಸಲದ ಮಳೆಗಾಲದಲ್ಲಿ ಅತ್ತೆ ಚಳಿಜ್ವರದಿಂದ ಮಲಗಿಬಿಟ್ಟಳು. ಜ್ವರ ಇಳಿಯುವಷ್ಟರಲ್ಲಿ ಅವಳ ಉದ್ದ ಕೂದಲು ಹಕ್ಕಿಗೂಡಿನಂತೆ ಗಂಟುಗಟ್ಟಿತ್ತು. ಕತ್ತರಿಸಿಬಿಡುವುದೇ ಮೇಲು ಎಂದರು ಓಣಿಯ ಹೆಂಗಸರು. ಅತ್ತೆ ಗೋಡೆಯ ಕಡೆ ಮುಖ ಮಾಡಿದಳು. ಊಟದ ತಾಟು ಮುಟ್ಟದೆ ಹಾಗೇ ಇತ್ತು.

ಕಚೇರಿಯಿಂದ ಬಂದ ಮಾವ ಶೇರವಾನಿ ಕಳಚಲೂ ಇಲ್ಲ. ಅವಳ ಬೆನ್ನ ಹಿಂದೆ ಕೂತು ಜೇಬಿಗೆ ಕೈ ಹಾಕಿದ. ಒಂದು ಕೈಯಿಂದ ಬುಡ ಒತ್ತಿ ಹಿಡಿದು, ತುದಿಯಿಂದ ಮೇಲಕ್ಕೆ, ಸಿಕ್ಕು ಎಳೆಯದಂತೆ.

"ಮೊಲದ ಹಣಿಗಿ ಅಲ್ಲೇನ್ರಿ ಅದು?" ಎಂದಳು ಅತ್ತೆ, ತಿರುಗದೆ.

"ಸಾಹೇಬರ ಮೊಲದ್ದು."

ಬಾಗಿಲಲ್ಲಿ ನಿಂತಿದ್ದ ನನ್ನ ಬಾಯಲ್ಲಿ ಒಂದು ಒಳ್ಳೆಯ ಹಾಸ್ಯ ಸಿದ್ಧವಾಗಿತ್ತು. ಏನೆಂದು ಈಗ ನೆನಪಿಲ್ಲ. ಮೊಲ ಮಂಚದ ಕೆಳಗೆ ಹುಲ್ಲು ಮೇಯುತ್ತಿತ್ತು. ಕೊನೆಯ ಗಂಟು ಬಿಡಿಸಿದ ಮೇಲೆ ಮಾವ ಕೈ ತೊಳೆದುಕೊಂಡು ಬಂದು, ತಾಟು ಹತ್ತಿರ ಎಳೆದು, ರೊಟ್ಟಿ ಮುರಿದ.

"ಒಂದ್ ಚೂರು" ಅಂದ.

ಮುಂದಿನದನ್ನು ಅವನು ಹೇಳುವ ಮೊದಲೇ ಅತ್ತೆ ಬಾಯಿ ತೆರೆದಳು.