ಹೊಟ್ಟಿನ ಗುಡ್ಡದ ಮೇಲೆ ಚೇತನಕುಮಾರ

ಎಲ್ಲಕ್ಕೂ ಕಾರಣ ಮಲ್ಲೇಶ್ವರಿ ಫೋನಿನಲ್ಲಿ ಆಡಿದ ಒಂದೇ ಒಂದು ಮಾತು. ಯಾದಗಿರಿಯಲ್ಲಿದ್ದ ಅವಳ ಅಕ್ಕ ಶಾಂತಾದೇವಿ, ಭಾವ ತಿಮ್ಮಣ್ಣ ಇವರ ಸಂಸಾರದ ಜೊತೆ ಡಿಸೆಂಬರಿನಲ್ಲಿ ಮನಾಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಹೊರಡಲು ಐದೇ ದಿನ ಇರುವಾಗ ಅಕ್ಕ, "ನಮ್ಮನಿಯವ್ರಿಗೆ ಹಿಮದ ಮ್ಯಾಲ ಜಾರೋದು ಬರ್ತದವಾ" ಎಂದಳು. ತಂಗಿಗೆ ತಡೆಯಲಾಗಲಿಲ್ಲ.

"ನಮ್ಮವ್ರೇನು ಕಡಿಮಿ? ಕಾಲೇಜಿನಾಗಿದ್ದಾಗ್ಲೇ ಕಲ್ತಾರ. ಸ್ಕೀಯಿಂಗ್ ಅಂದ್ರ ನೀರು ಕುಡದಂಗ."

ಎದುರಿಗೆ ಕೂತಿದ್ದ ಗಂಡ ಚೇತನಕುಮಾರನ ಬಾಯಲ್ಲಿದ್ದ ಚಹಾ ಅಂಗಿಯ ಮೇಲೆ ಬಿತ್ತು. ಶಹಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಆ ಮನುಷ್ಯ ಹಿಮವನ್ನು ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

"ನಾ ಯಾವಾಗ ಕಲ್ತೀನೇ?"

"ನಾಳಿ ಕಲೀರಿ. ರವಿವಾರ, ಹೆಂಗೂ ಅಂಗಡಿ ಬಂದ್ ಇರ್ತದ. ಅಕ್ಕನ ಮುಂದ ನನ್ನ ಮಾನ ಹೋತಂದ್ರ ನಾ ಮನಾಲಿಯಾಗೇ ಉಳ್ಕೋತೀನಿ. ನೀವೊಬ್ರ ವಾಪಸ್ ಬರ್ರಿ!"

ಮರುದಿನ ಬೆಳಿಗ್ಗೆ ಚೇತನಕುಮಾರ ಗೋಗಿ ರಸ್ತೆಯಲ್ಲಿದ್ದ ಗೆಳೆಯ ಖಾಜಾಹುಸೇನನ ರೈಸ್ ಮಿಲ್ಲಿಗೆ ಹೋದ. ಮಿಲ್ಲಿನ ಹಿಂದೆ ಭತ್ತದ ಹೊಟ್ಟು ಎರಡು ಮಾಳಿಗೆ ಎತ್ತರಕ್ಕೆ ಗುಡ್ಡವಾಗಿ ಬಿದ್ದಿತ್ತು. ಕಾಲಿಟ್ಟರೆ ಸರ್ರನೆ ಜಾರುವ ಹೊಟ್ಟು. ಹಳೆಯ ಮಂಚ ಕೊಯ್ದು ಎರಡು ಹಲಗೆ ಮಾಡಿದರು, ಅವಕ್ಕೆ ಎರಡು ಚಪ್ಪಲಿ ಮೊಳೆ ಹೊಡೆದರು. ಕೈಗೆ ಎರಡು ಬಿದಿರಿನ ಕೋಲು ಬಂದವು.

"ಯಾ ಅಲ್ಲಾ ಅಂತ ಬಿಡು ಭಾಯ್," ಎಂದ ಖಾಜಾಹುಸೇನ.

ಬಿಟ್ಟ. ಎಡಗಾಲು ಯಾದಗಿರಿಯ ಬಸ್ಸು ಹಿಡಿಯಿತು, ಬಲಗಾಲು ಸುರಪುರದ್ದು. ನಡುವೆ ಪ್ಯಾಂಟಿನ ಹೊಲಿಗೆ ಎರಡನ್ನೂ ಬೀಳ್ಕೊಟ್ಟಿತು. ಚೇತನಕುಮಾರ ಸೊಂಟದವರೆಗೆ ಹೊಟ್ಟಿನಲ್ಲಿ ಹೂತುಹೋದ.

ಒಲೆಗೆ ಹೊಟ್ಟು ಒಯ್ಯಲು ಬುಟ್ಟಿ ಹೊತ್ತು ಬಂದ ಮುದುಕಿ ಸುಗಲಮ್ಮ ನಿಂತು ನೋಡಿದಳು.

"ಏನರೆ ಕಳ್ಕೊಂಡೀಯೇನೋ ತಮ್ಮಾ?"

"ಇಲ್ಲಬೇ, ಸ್ಕೀಯಿಂಗ್ ಮಾಡಾಕತ್ತೀನಿ."

"ಮಾಡು, ಯಾರು ಬ್ಯಾಡಂತಾರ? ನನ್ನ ಬುಟ್ಟಿ ತುಂಬೋವಷ್ಟು ಬಿಟ್ಟು ಮಾಡು."

ಸುದ್ದಿ ಓಣಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ನಿವೃತ್ತ ಡ್ರಿಲ್ ಮಾಸ್ತರ ಜಗದೇವಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತು, "ಎಡಾ! ಬಲಾ! ಎಡಾ!" ಎಂದು ಕೂಗತೊಡಗಿದರು. ಮಾಸ್ತರರ ದನಿ ಕೇಳಿದ ಕೂಡಲೇ ಶಾಲೆಯ ದಿನಗಳ ಹೆದರಿಕೆ ಮರಳಿ, ಚೇತನಕುಮಾರ ಎಡ-ಬಲ ಎರಡನ್ನೂ ಒಮ್ಮೆಗೇ ಎತ್ತಿದ. ಹಲಗೆಗಳು ಕತ್ತರಿಯಂತೆ ಹೆಣೆದುಕೊಂಡವು. ಚೀಲ ಹರಿದು ಬಿದ್ದ ಉಳ್ಳಾಗಡ್ಡಿಯಂತೆ ಅವನು ಕೆಳಗಿನವರೆಗೂ ಉರುಳಿದ. ಹೊಟ್ಟು ಕಿವಿ ಹೊಕ್ಕಿತು, ಮೂಗು ಹೊಕ್ಕಿತು, ಹೇಳಬಾರದ ಕಡೆಯೂ ಹೊಕ್ಕಿತು.

ಒಂಬತ್ತನೆಯ ಸಲ ಬಿದ್ದಾಗ ಅವನು ಹಲಗೆ ಬಿಚ್ಚಿ ಬಿಸಾಕಿದ. "ಇವು ನನ್ನ ಮಾತೂ ಕೇಳ್ವಲ್ಲವು, ತಮ್ಮ ತಮ್ಮೊಳಗೂ ಮಾತಾಡ್ವಲ್ಲವು!"

ಜಗದೇವಪ್ಪನವರು ಮೊಬೈಲ್ ಮುಂದೆ ಹಿಡಿದರು. "ಇಲ್ನೋಡು. ಎರಡೂ ಕಾಲಿಗೆ ಒಂದ ಹಲಗಿ. ಸ್ನೋಬೋರ್ಡ್ ಅಂತಾರ ಇದಕ್ಕ. ಕಾಲು ಬ್ಯಾರೆ ಬ್ಯಾರೆ ಹೋಗೋ ಮಾತೇ ಇಲ್ಲ."

"ಬಿದ್ರ ಸರ್?"

"ಬಿದ್ರ ಎಲ್ಲಾ ಒಟ್ಟಿಗೇ ಬೀಳ್ತದ. ಹುಡುಕೋ ಕೆಲಸ ಇರಂಗಿಲ್ಲ."

ಖಾಜಾಹುಸೇನ ಮಿಲ್ಲಿನ ಗೇಟಿನಲ್ಲಿದ್ದ ತಗಡಿನ ಹಳೆಯ ಬೋರ್ಡು ಕಿತ್ತು ತಂದ. ಅದರ ಮೇಲೆ 'ನಿಧಾನವಾಗಿ ಚಲಿಸಿ' ಎಂದು ಬರೆದಿತ್ತು. ಕಾಲುಗಳನ್ನು ಸುತಳಿಯಿಂದ ಅದಕ್ಕೆ ಬಿಗಿದರು.

"ಅಡ್ಡ ನಿಂದ್ರು," ಎಂದರು ಮಾಸ್ತರರು.

"ಹೋಗೋದು ಮುಂದ, ನಿಂದ್ರೋದು ಅಡ್ಡಾ?"

"ರಶ್ ಇದ್ದಾಗ ಬಸ್ಸಿನ ಬಾಗಲದಾಗ ಹೆಂಗ ನಿಂದ್ರತಿ? ಹಂಗ."

ಈ ಮಾತು ಚೇತನಕುಮಾರನ ತಲೆಗೆ ಹೋಯಿತು. ಮೊದಲು ಕುಂಡೆಯ ಮೇಲೆ ಬಿದ್ದ, ಆಮೇಲೆ ಮುಖದ ಮೇಲೆ, ಆಮೇಲೆ ಮತ್ತೆ ಕುಂಡೆಯ ಮೇಲೆ. ಆದರೆ ಮಧ್ಯಾಹ್ನ ಮೂರರ ಸುಮಾರಿಗೆ ಪವಾಡವೇ ನಡೆಯಿತು. ಬಸ್ಸಿನ ಬಾಗಿಲು ನೆನೆದು, ಒಂದು ಕೈ ಗಾಳಿಯಲ್ಲಿ ಸರಳು ಹಿಡಿದಂತೆ ಮೇಲೆತ್ತಿ, ನಡುಗುಡ್ಡದಿಂದ ಬುಡದವರೆಗೆ ನಿಂತುಕೊಂಡೇ ಬಂದ! ಮಂದಿ ಸಿಳ್ಳೆ ಹೊಡೆದರು. ಸುಗಲಮ್ಮ ಕೂಡ ಬುಟ್ಟಿ ಇಳಿಸಿ ಚಪ್ಪಾಳೆ ತಟ್ಟಿದಳು. ಚೇತನಕುಮಾರನಿಗೆ ಕಣ್ಣಲ್ಲಿ ನೀರು ಬಂತು. ನಲವತ್ತು ವರ್ಷದಲ್ಲಿ ಅವನಿಗೆ ಯಾರೂ ಸಿಳ್ಳೆ ಹೊಡೆದಿರಲಿಲ್ಲ.

"ಇನ್ನೊಮ್ಮಿ ಭಾಯ್, ವೀಡಿಯೋ ಮಾಡ್ತೀನಿ!" ಎಂದ ಖಾಜಾಹುಸೇನ.

ಹುರುಪಿನಲ್ಲಿ ಗುಡ್ಡದ ನೆತ್ತಿಯಿಂದಲೇ ಬಿಟ್ಟ. ನಿಲ್ಲಿಸುವುದು ಹೇಗೆಂದು ಮಾತ್ರ ಮಾಸ್ತರರೂ ಹೇಳಿರಲಿಲ್ಲ, ಮೊಬೈಲೂ ಹೇಳಿರಲಿಲ್ಲ. ತಗಡು ಹೊಟ್ಟು ದಾಟಿತು, ಭತ್ತ ಒಣಗಿಸುವ ಸಿಮೆಂಟಿನ ಕಣ ದಾಟಿತು, ಮಾಸ್ತರರ ಕುರ್ಚಿಯನ್ನು ಮಾಸ್ತರರ ಸಮೇತ ಸುತ್ತು ಹಾಕಿತು, ಗೋಡೆಗೆ ಒರಗಿಸಿದ್ದ ಅಕ್ಕಿ ಹಿಟ್ಟಿನ ಚೀಲಗಳಿಗೆ ಹೋಗಿ ಬಡಿಯಿತು. ಧೂಳು ಇಳಿದಾಗ ಚೇತನಕುಮಾರ ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ, ಈಗಷ್ಟೇ ಮನಾಲಿಯಿಂದ ಬಂದಿಳಿದವನಂತೆ ಕೂತಿದ್ದ. ಎಲುಬು ಮಾತ್ರ ಎಲ್ಲವೂ ನೆಟ್ಟಗಿದ್ದವು.

ಕುಂಟುತ್ತ, ಸೀನುತ್ತ, ಎದೆ ಉಬ್ಬಿಸಿಕೊಂಡು ಮನೆಗೆ ಬಂದ. ಮಲ್ಲೇಶ್ವರಿ ಸಪ್ಪೆ ಮುಖ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಅಕ್ಕನ ಫೋನ್ ಬಂದಿತ್ತು. ತಿಮ್ಮಣ್ಣ ಮಾಮಾರ ಕಾಲು ಮುರದದ. ಪ್ಲಾಸ್ಟರ್ ಹಾಕ್ಯಾರ."

"ಅಯ್ಯೋ! ಹೆಂಗ?"

"ಅವ್ರಿಗೂ ಜಾರೋದು ಬರ್ತಿದ್ದಿಲ್ಲಂತ! ಅಕ್ಕ ಸುಮ್ಮ ಬಡಾಯಿ ಹೊಡದಿದ್ಳಂತ. ನೀವು ಕಲ್ತೀರಿ ಅಂದ ಕೂಡ್ಲೇ ಮಾಮಾರಿಗೆ ಚಿಂತಿ ಹತ್ಯದ. ಇವತ್ತು ಮುದನಾಳದಾಗ ಹತ್ತಿ ಒಟ್ಟಿದ್ದ ಕಡಿಗಿ ಹೋಗಿ ಕಲಿಯಾಕ ನಿಂತಾರ. ಮುಂಜಾನಿಂದ ಒಂದ ಹಲಗಿ ಕಟ್ಕೊಂಡು ಸಾಕಾಗಿ, ಮಧ್ಯಾಹ್ನ ಎರಡು ಕಟ್ಕೊಂಡಾರ."

ಚೇತನಕುಮಾರ ನಗು ಬಚ್ಚಿಡಲು ಟವಲಿನಿಂದ ಮುಖ ಒರೆಸಿಕೊಂಡ. ಒಳಗೊಳಗೇ ಹಾಯೆನಿಸಿತು.

"ಹಂಗಾದ್ರ ಮನಾಲಿ ರದ್ದಾತನ್ನು."

"ಯಾಕ ರದ್ದಾಗ್ತದ? ಮಾಮಾರು ಬರಾಕತ್ತಾರ. 'ಮಂದಿಗೆಲ್ಲಾ ಹೇಳಿಬಿಟ್ಟೀನಿ, ಒಮ್ಮೆರೆ ಜಾರ್ಲೇಬೇಕು' ಅಂತ ಹಟ ಹಿಡದಾರ. ಅಕ್ಕ ಅಳಾಕತ್ತಿದ್ಳು. ಅದಕ್ಕ ನಾ ಹೇಳೀನಿ, ಚಿಂತಿ ಮಾಡಬ್ಯಾಡ, ನಮ್ಮವ್ರು ಮಾಮಾರನ್ನ ಬೆನ್ನ ಮ್ಯಾಲ ಹೊತ್ಕೊಂಡು ಜಾರ್ತಾರ ಅಂತ."

ಚೇತನಕುಮಾರನ ಕೈಯಿಂದ ಟವಲು ಜಾರಿತು.

"ಏ, ಅವ್ರು ನೂರು ಕಿಲೋ ಅದಾರಲ್ಲೇ!"

"ಅದು ಪ್ಲಾಸ್ಟರ್ ಹಾಕೋಕಿಂತ ಮೊದಲ," ಎಂದಳು ಮಲ್ಲೇಶ್ವರಿ.